ಸ್ಟ್ರೋಕ್ ಆದ ಮೇಲೆ ಮತ್ತೆ ಕೆಲಸಕ್ಕೆ: ಧೈರ್ಯದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೈಕಾಲು ಒಂದಷ್ಟು ಸರಿಹೋಗಿವೆ. ಡಾಕ್ಟರು ಕೆಲಸಕ್ಕೆ ಹೋಗಬಹುದು ಅಂದಿದ್ದಾರೆ, ಇಲ್ಲವೇ ಇನ್ನೇನು ಅನ್ನುವ ಹಾಗಿದ್ದಾರೆ. ಮನಸ್ಸು ಮಾತ್ರ ಹೊಸಿಲು ದಾಟುತ್ತಿಲ್ಲ. ಈ ಪ್ರಶ್ನೋತ್ತರ ಅಲ್ಲಿ ನಿಂತಿರುವವರಿಗಾಗಿ.

ನನಗೂ ಸ್ಟ್ರೋಕ್ ಆಗಿತ್ತು. ಎಡಗೈ ಹಿಡಿತ ಹೋಗಿತ್ತು, ತಲೆ ಬೇಗ ದಣಿಯುತ್ತಿತ್ತು. ಮೇಜಿನ ಮುಂದೆ ಕೂತು ಲೆಕ್ಕ ನೋಡುವ ಕೆಲಸ ನನ್ನದು. ಅಲ್ಲಿಗೆ ಮರಳುವಾಗ ನನ್ನನ್ನು ಕಾಡಿದ ಪ್ರಶ್ನೆಗಳೂ, ಆಮೇಲೆ ಬೇರೆಯವರು ನನ್ನನ್ನು ಕೇಳಿದ ಪ್ರಶ್ನೆಗಳೂ ಇಲ್ಲಿವೆ. ಮಾತ್ರೆ, ಬಿಪಿ, ಯಾವಾಗ ಹೋಗಬಹುದು ಅನ್ನುವ ತೀರ್ಮಾನ ನಿಮ್ಮ ಡಾಕ್ಟರದು. ನಾವು ಧೈರ್ಯದ ವಿಷಯ ಮಾತಾಡೋಣ.

ಮೈ ಸುಮಾರಾಗಿ ಸರಿಯಾಗಿದೆ. ಆದರೂ ಕೆಲಸ ಅಂದ ಕೂಡಲೇ ಎದೆ ಯಾಕೆ ಹೊಡೆದುಕೊಳ್ಳುತ್ತದೆ?

ಸ್ಟ್ರೋಕ್ ಹೇಳಿ ಕೇಳಿ ಬರುವುದಿಲ್ಲ. ಬೆಳಿಗ್ಗೆ ಹೇಳಿದ ಹಾಗೆ ಕೇಳುತ್ತಿದ್ದ ಕೈ ಮಧ್ಯಾಹ್ನಕ್ಕೆ ಯಾರದೋ ಕೈ ಆಗಿಬಿಡುತ್ತದೆ. ನಮ್ಮ ಮೈಯನ್ನು ನಾವು ಎಷ್ಟು ನಂಬಿದ್ದೆವು ಅನ್ನುವುದು ಆ ನಂಬಿಕೆ ಮುರಿದ ದಿನ ಗೊತ್ತಾಗುತ್ತದೆ. ಕೈಗೆ ಬಲ ಬಂದಷ್ಟು ಬೇಗ ಆ ನಂಬಿಕೆ ವಾಪಸ್ ಬರುವುದಿಲ್ಲ.

ಜೊತೆಗೆ, ಮನೆಯಲ್ಲಿ ಲೋಟ ಕೈಜಾರಿದರೆ ಯಾರೂ ಏನೂ ಅನ್ನುವುದಿಲ್ಲ. ಕೆಲಸದ ಜಾಗದಲ್ಲಿ ಹಾಗಲ್ಲ. ಅಲ್ಲಿ ನಮ್ಮನ್ನು ಜನ ಗುರುತಿಸುವುದೇ ನಮ್ಮ ಕೆಲಸದಿಂದ. "ಅವರಿಗೆ ಕೊಡಿ, ತಪ್ಪಿಲ್ಲದೆ ಮಾಡಿಕೊಡ್ತಾರೆ" ಅನ್ನಿಸಿಕೊಂಡವರಿಗೆ ನಾಲ್ಕು ಜನರ ಮುಂದೆ ತಪ್ಪುವ ಭಯ ಇನ್ನೂ ಜಾಸ್ತಿ. ಇದು ಹೇಡಿತನ ಅಲ್ಲ.

ಆದರೆ ಒಂದನ್ನು ಗಮನಿಸಿ. ಸ್ಟ್ರೋಕ್ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರನ್ನು ಖಿನ್ನತೆ ಕಾಡುತ್ತದೆ. ಯಾವುದರಲ್ಲೂ ಆಸೆ ಇಲ್ಲ, ನಿದ್ದೆ ಕೆಟ್ಟಿದೆ, ಬದುಕಿ ಏನು ಪ್ರಯೋಜನ ಅನ್ನಿಸುತ್ತಿದೆ ಅಂದರೆ ಅದು ಬರೀ ಕೆಲಸದ ಭಯ ಅಲ್ಲ. ಅದಕ್ಕೆ ಚಿಕಿತ್ಸೆ ಇದೆ. ಮುಂದಿನ ತಪಾಸಣೆವರೆಗೆ ಕಾಯಬೇಡಿ, ಈಗಲೇ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ಪೂರ್ತಿ ಧೈರ್ಯ ಬಂದ ಮೇಲೆ ಹೋದರೆ ಒಳ್ಳೆಯದಲ್ವಾ?

ನಾನೂ ಹಾಗೇ ಕಾದೆ. ಇನ್ನೊಂದು ತಿಂಗಳು ಆಗಲಿ ಅಂದುಕೊಂಡೆ. ತಿಂಗಳು ಮುಗಿದಾಗ ಭಯ ಇನ್ನಷ್ಟು ಬೆಳೆದಿತ್ತು. ಸುಮ್ನೆ ಕೂತರೆ ಧೈರ್ಯ ಬರುವುದಿಲ್ಲ. ಅದು ಕೆಲಸದ ಹಿಂದೆ ಹಿಂದೆ ಬರುತ್ತದೆ.

ಆಲ್ಬರ್ಟ್ ಬಂಡೂರಾ ಅನ್ನುವ ಮನಶ್ಶಾಸ್ತ್ರಜ್ಞರು 1977ರಲ್ಲಿ ಇದರ ಬಗ್ಗೆ ಬರೆದರು. "ಇದು ನನ್ನಿಂದ ಆಗುತ್ತದೆ" ಅನ್ನುವ ನಂಬಿಕೆ ನಾಲ್ಕು ಕಡೆಯಿಂದ ಹುಟ್ಟುತ್ತದೆ ಅಂದರು: ತಾನೇ ಮಾಡಿ ಗೆದ್ದದ್ದು, ತನ್ನಂಥವರು ಮಾಡಿದ್ದನ್ನು ಕಂಡದ್ದು, ಬೇರೆಯವರು ತುಂಬುವ ಹುರುಪು, ಮತ್ತೆ ಆ ಹೊತ್ತಿನ ಮೈ ಮನಸ್ಸಿನ ಸ್ಥಿತಿ. ಇವುಗಳಲ್ಲಿ ಎಲ್ಲಕ್ಕಿಂತ ಗಟ್ಟಿ ಮೊದಲನೆಯದು. ಆದರೆ ಸ್ಟ್ರೋಕ್ ಆದವರಿಗೆ ಹೆಚ್ಚಾಗಿ ಸಿಗುವುದು ಮೂರನೆಯದೊಂದೇ. "ಹೆದರಬೇಡ, ನಿನ್ನಿಂದ ಆಗುತ್ತೆ" ಅಂತ ಎಲ್ಲರೂ ಹೇಳುತ್ತಾರೆ. ಆ ಮಾತು ಬೇಕು ನಿಜ. ಆದರೆ ಬರೀ ಮಾತಿನಿಂದ ಹೊಟ್ಟೆ ತುಂಬುವುದಿಲ್ಲ.

ಸೋತ ಕೈಯ ವಿಷಯದಲ್ಲೂ ಹೀಗೇ ಆಗುತ್ತದೆ. ನಾಲ್ಕು ಸಲ ಆ ಕೈಯಿಂದ ಮಾಡಲು ಹೋಗಿ ಆಗದಿದ್ದರೆ ಐದನೇ ಸಲ ಅದನ್ನು ಚಾಚುವುದನ್ನೇ ಬಿಡುತ್ತೇವೆ. ಆಮೇಲೆ ಅದಕ್ಕೆ ಸ್ವಲ್ಪ ಬಲ ಬಂದಿದ್ದರೂ ನಮಗೆ ಗೊತ್ತಾಗುವುದಿಲ್ಲ. ಎಡ್ವರ್ಡ್ ಟೌಬ್ ಅನ್ನುವ ವಿಜ್ಞಾನಿ ಇದನ್ನು ಗುರುತಿಸಿ ಒಂದು ಚಿಕಿತ್ಸೆ ಕಟ್ಟಿದರು. ಚೆನ್ನಾಗಿರುವ ಕೈಗೆ ದಪ್ಪ ಗವಸು ಹಾಕಿ, ಸೋತ ಕೈಯಿಂದಲೇ ಕೆಲಸ ಮಾಡಿಸುವುದು. ಎಲ್ಲರಿಗೂ ಆ ಚಿಕಿತ್ಸೆ ಹೊಂದುವುದಿಲ್ಲ, ಕೈಯಲ್ಲಿ ಒಂದಿಷ್ಟು ಚಲನೆ ಉಳಿದಿರಬೇಕು. ಆದರೆ ಕೆಲಸಕ್ಕೆ ಮರಳುವ ಧೈರ್ಯ ಅಂದಾಗಲೆಲ್ಲ ನನಗೆ ಆ ಗವಸು ನೆನಪಾಗುತ್ತದೆ. ಬಳಸದೆ ಬಿಟ್ಟದ್ದು ಇದೆಯೋ ಇಲ್ಲವೋ ತಿಳಿಯುವುದೇ ಇಲ್ಲ.

ಚಿಕ್ಕದರಿಂದ ಶುರು ಮಾಡಿ ಅಂತಾರೆ. ಎಷ್ಟು ಚಿಕ್ಕದು?

ನಗು ಬರುವಷ್ಟು ಚಿಕ್ಕದು.

ಮೊದಲು ನಿಮ್ಮ ಕೆಲಸವನ್ನು ಬಿಡಿಸಿ ಬರೆಯಿರಿ. "ಆಫೀಸಿಗೆ ಹೋಗುವುದು" ಒಂದು ಕೆಲಸ ಅಲ್ಲ, ಇಪ್ಪತ್ತು ಕೆಲಸ. ಹೊತ್ತಿಗೆ ಎದ್ದು ಹೊರಡುವುದು. ಪ್ರಯಾಣ. ಮೆಟ್ಟಿಲು. ಗದ್ದಲದ ನಡುವೆ ಕೂರುವುದು. ಓದುವುದು, ಟೈಪ್ ಮಾಡುವುದು, ಫೋನಿನಲ್ಲಿ ಮಾತಾಡುವುದು. ಹೇಳಿದ್ದನ್ನು ನೆನಪಿಟ್ಟುಕೊಳ್ಳುವುದು. ಮಧ್ಯೆ ಯಾರೋ ಕರೆದರೆ ಎದ್ದು ಹೋಗಿ, ವಾಪಸ್ ಬಂದು, ಬಿಟ್ಟಲ್ಲಿಂದ ಹಿಡಿಯುವುದು. ನಿಮ್ಮದು ಅಂಗಡಿ, ಹೊಲ, ಕಾರ್ಖಾನೆ, ತರಗತಿ ಏನೇ ಇರಲಿ, ಹೀಗೇ ಬಿಡಿಸಿ.

ಒಂದೊಂದರ ಮುಂದೆ 0ಯಿಂದ 10ರವರೆಗೆ ಒಂದು ಅಂಕ ಹಾಕಿ. ಇದು ಈಗ ನನ್ನಿಂದ ಆಗುತ್ತದೆ ಅಂತ ಎಷ್ಟು ನಂಬಿಕೆ ಇದೆಯೋ ಅಷ್ಟು. 6 ಅಥವಾ 7 ಬಂದದ್ದನ್ನು ಮೊದಲು ಮಾಡಿ. 2 ಬಂದದ್ದನ್ನು ಈಗ ಮುಟ್ಟಬೇಡಿ. ಮೇಲಿನ ಕೆಲಸಗಳು ಸಲೀಸಾದಾಗ ಆ 2 ತಾನಾಗಿ 4 ಆಗುವುದನ್ನು ನೋಡಿದ್ದೇನೆ.

ನಾನು ಮನೆಯಲ್ಲೇ ಹಳೆಯ ಲೆಕ್ಕದ ಹಾಳೆ ಹಿಡಿದು ಇಪ್ಪತ್ತು ನಿಮಿಷ ಕೂತೆ. ವಾರದ ಮೇಲೆ ನಲವತ್ತು ನಿಮಿಷ. ಆಮೇಲೆ ರೇಡಿಯೋ ಹಾಕಿಕೊಂಡು ಅದೇ ಕೆಲಸ. ಆಗ ಗೊತ್ತಾಯಿತು, ಲೆಕ್ಕ ನನ್ನನ್ನು ಬಿಟ್ಟುಹೋಗಿಲ್ಲ. ನನಗೆ ಕಷ್ಟ ಇದ್ದದ್ದು ಗದ್ದಲದಲ್ಲಿ. "ನನ್ನಿಂದ ಏನೂ ಆಗಲ್ಲ" ಅನ್ನುವುದು ಒಂದು ದೊಡ್ಡ ಮೋಡ. ಅದು "ಗದ್ದಲದಲ್ಲಿ ಕೂಡಿಸಲು ಆಗಲ್ಲ" ಅನ್ನುವ ಒಂದು ಚಿಕ್ಕ ತೊಂದರೆಯಾಗಿ ಇಳಿದ ದಿನ ನಾನು ಅರ್ಧ ಗೆದ್ದೆ. ಚಿಕ್ಕ ತೊಂದರೆಗೆ ದಾರಿ ಹುಡುಕಬಹುದು.

ನೋಡೋಕೆ ಚೆನ್ನಾಗಿದ್ದೀನಿ. ಆದರೆ ತಲೆ ಮೊದಲಿನ ಹಾಗೆ ಓಡುತ್ತಿಲ್ಲ. ಇದು ನನ್ನ ಭ್ರಮೆಯಾ?

ಭ್ರಮೆ ಅಲ್ಲ. ಸ್ಟ್ರೋಕ್ ಗಮನ, ನೆನಪು, ಯೋಚನೆಯ ವೇಗ, ಒಂದಾದ ಮೇಲೊಂದು ಕೆಲಸ ಜೋಡಿಸಿಕೊಳ್ಳುವ ಶಕ್ತಿ ಇವುಗಳನ್ನೆಲ್ಲ ಮುಟ್ಟಬಹುದು. ಆಸ್ಪತ್ರೆಯಲ್ಲಿ ಹತ್ತು ನಿಮಿಷ ಕೇಳುವ ಪ್ರಶ್ನೆಗಳಲ್ಲಿ ಇದು ಸಿಗದೆ ಹೋಗಬಹುದು. ಕೆಲಸಕ್ಕೆ ಕೂತಾಗ ಮಾತ್ರ ಕಾಣುತ್ತದೆ. ಕಣ್ಣಿಗೆ ಕಾಣದ ತೊಂದರೆ ಇದ್ದವರ ಕಷ್ಟ ಒಂದು ರೀತಿಯಲ್ಲಿ ಜಾಸ್ತಿ. ಕುಂಟುವವರಿಗೆ ಜನ ದಾರಿ ಬಿಡುತ್ತಾರೆ, ಮರೆಯುವವರ ಮೇಲೆ ರೇಗುತ್ತಾರೆ.

ನನಗೆ ಸಾಲಿನ ಎಡತುದಿಯ ಅಂಕಿಗಳು ತಪ್ಪಿಹೋಗುತ್ತಿದ್ದವು. ಕಣ್ಣು ಸರಿಯಾಗೇ ಇತ್ತು. ಮಿದುಳಿನ ಬಲಭಾಗಕ್ಕೆ ಪೆಟ್ಟು ಬಿದ್ದವರಲ್ಲಿ ಎಡಗಡೆಯ ಕಡೆ ಗಮನವೇ ಹೋಗದಿರುವುದು ಸಾಮಾನ್ಯ ಅಂತ ಆಮೇಲೆ ತಿಳಿಯಿತು. ಅಲ್ಲಿಯವರೆಗೆ ನನಗೆ ಬುದ್ಧಿ ಮಂಕಾಗಿದೆ ಅಂದುಕೊಂಡು ರಾತ್ರಿಯೆಲ್ಲ ಕೊರಗಿದ್ದೆ. ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡಲು ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟ್ ಒಬ್ಬರು ಹಾಳೆಯ ಎಡ ಅಂಚಿಗೆ ಕೆಂಪು ಗೆರೆ ಎಳೆದುಕೊಟ್ಟರು. ಆ ಗೆರೆ ಕಾಣುವವರೆಗೆ ಕಣ್ಣು ತಿರುಗಿಸಬೇಕು, ಆಮೇಲೇ ಓದು ಶುರು. ಆ ಒಂದು ಗೆರೆಯಿಂದ ನನಗೆ ಸಿಕ್ಕ ಧೈರ್ಯ ಯಾವ ಸಮಾಧಾನದ ಮಾತಿನಿಂದಲೂ ಸಿಕ್ಕಿರಲಿಲ್ಲ.

ಹಾಗಾಗಿ ಕೇಳಿ ಪರೀಕ್ಷೆ ಮಾಡಿಸಿಕೊಳ್ಳಿ. ನಿಮ್ಮ ಕೆಲಸ ಏನು ಅನ್ನುವುದನ್ನು ಥೆರಪಿಸ್ಟ್‌ಗೆ ವಿವರವಾಗಿ ಹೇಳಿ. ಬಟ್ಟೆ ಹಾಕಿಕೊಳ್ಳಲು ಬಂದರೆ ಸಾಕು ಅಂತ ಅವರು ಅಂದುಕೊಂಡಿರಬಹುದು. ನಿಮಗೆ ಬೇಕಿರುವುದು ಅದಕ್ಕಿಂತ ಜಾಸ್ತಿ.

ಎರಡು ಗಂಟೆ ಕೂತರೆ ಸಾಕು, ಮೈಯೆಲ್ಲ ಕಳಚಿ ಬಿದ್ದಂತಾಗುತ್ತದೆ. ಹೀಗಿರುವಾಗ ಇಡೀ ದಿನ ಹೇಗೆ?

ಇದು ದುಡಿದು ಬಂದ ಸುಸ್ತಿನಂತಲ್ಲ. ದುಡಿದ ಸುಸ್ತು ನಿದ್ದೆ ಮಾಡಿದರೆ ಹೋಗುತ್ತದೆ. ಸ್ಟ್ರೋಕಿನ ಸುಸ್ತು ಎದ್ದಾಗಲೇ ಇರಬಹುದು, ದೊಡ್ಡ ಕೆಲಸ ಏನೂ ಮಾಡದಿದ್ದರೂ ಬರಬಹುದು. ಸ್ಟ್ರೋಕ್ ಚಿಕ್ಕದಾಗಿದ್ದವರಿಗೂ ಬರುತ್ತದೆ. ಸೋಮಾರಿತನ ಅಂತ ಯಾರಾದರೂ ಅಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ದಣಿದ ಮೇಲೆ ಮಲಗುವುದಕ್ಕಿಂತ ದಣಿಯುವ ಮುಂಚೆ ನಿಲ್ಲಿಸುವುದು ಒಳ್ಳೆಯದು. ಒಂದು ವಾರ ಡೈರಿ ಬರೆಯಿರಿ: ಯಾವ ಹೊತ್ತಿಗೆ ತಲೆ ಚುರುಕು, ಯಾವ ಕೆಲಸದ ಮೇಲೆ ಬೀಳುತ್ತೀರಿ. ತಲೆ ಚುರುಕಿರುವ ಹೊತ್ತಿಗೆ ಕಷ್ಟದ ಕೆಲಸ ಇಟ್ಟುಕೊಳ್ಳಿ. ಹತ್ತು ನಿಮಿಷ ಕಣ್ಣು ಮುಚ್ಚಿ ಕೂರಲು ಒಂದು ಜಾಗ ನೋಡಿಕೊಳ್ಳಿ. ಚೆನ್ನಾಗಿದೆ ಅನ್ನಿಸಿದ ದಿನ ಎಲ್ಲವನ್ನೂ ಒಟ್ಟಿಗೆ ಮಾಡಿ ಮುಗಿಸಲು ಹೋಗಬೇಡಿ. ಬಹಳ ಜನ ಎಡವುವುದು ಆ ಒಳ್ಳೆಯ ದಿನದಲ್ಲೇ. ಮರುದಿನ ಏಳಲು ಆಗುವುದಿಲ್ಲ, "ನೋಡು, ನನ್ನಿಂದ ಆಗಲ್ಲ" ಅನ್ನಿಸುತ್ತದೆ. ನಿಜವಾಗಿ ಆದದ್ದು ಇಷ್ಟೇ, ಹಿಂದಿನ ದಿನ ಜಾಸ್ತಿ ಆಯಿತು.

ಸುಸ್ತಿನ ವಿಷಯ ಡಾಕ್ಟರಿಗೂ ಹೇಳಿ. ರಕ್ತ ಕಡಿಮೆ ಇರುವುದು, ಥೈರಾಯ್ಡ್, ನಿದ್ದೆಯಲ್ಲಿ ಉಸಿರು ಕಟ್ಟುವುದು, ಖಿನ್ನತೆ, ಕೆಲವು ಮಾತ್ರೆಗಳು ಇವೆಲ್ಲ ಸುಸ್ತನ್ನು ಹೆಚ್ಚಿಸುತ್ತವೆ. ಇವುಗಳಿಗೆ ದಾರಿ ಇದೆ.

ಎಷ್ಟು ತಿಂಗಳಿಗೆ ಹೋಗಬಹುದು?

ಒಬ್ಬೊಬ್ಬರಿಗೆ ಒಂದೊಂದು. ಕೆಲವರು ಕೆಲವೇ ವಾರಗಳಲ್ಲಿ ಹೋಗುತ್ತಾರೆ, ಕೆಲವರಿಗೆ ವರ್ಷ ದಾಟುತ್ತದೆ. ಚೇತರಿಕೆ ಮೊದಲ ಕೆಲವು ತಿಂಗಳಲ್ಲಿ ಜೋರು, ಆಮೇಲೆ ನಿಧಾನ. ಆದರೆ ಆರು ತಿಂಗಳಿಗೆ ಬಾಗಿಲು ಮುಚ್ಚುತ್ತದೆ ಅನ್ನುವ ಮಾತು ನಂಬಬೇಡಿ. ಅದಾದ ಮೇಲೂ ಮಿದುಳು ಕಲಿಯುತ್ತದೆ. ಪಕ್ಕದ ಹಾಸಿಗೆಯವರು ಯಾವಾಗ ಹೋದರು ಅಂತ ಲೆಕ್ಕ ಹಾಕುವುದು ಬಿಟ್ಟುಬಿಡಿ.

ಕೆಲಸದ ಒತ್ತಡದಿಂದ ಮತ್ತೆ ಸ್ಟ್ರೋಕ್ ಆದರೆ?

ನನ್ನ ದೊಡ್ಡ ಭಯ ಇದೇ ಆಗಿತ್ತು. ಒಂಟಿಯಾಗಿ ಕೂತಾಗ ಕೈ ಸ್ವಲ್ಪ ಜೋಮು ಹಿಡಿದರೂ ಜೀವ ಹೋದಂತಾಗುತ್ತಿತ್ತು.

ಎರಡು ವಿಷಯ ತಿಳಿದ ಮೇಲೆ ಆ ಭಯಕ್ಕೆ ಒಂದು ಅಳತೆ ಸಿಕ್ಕಿತು. ಒಂದು, ಸ್ಟ್ರೋಕ್‌ಗಳಲ್ಲಿ ಬಹುಪಾಲಿಗೆ ಕಾರಣ ನಾವು ಹಿಡಿತಕ್ಕೆ ತರಬಹುದಾದವೇ: ಜಾಸ್ತಿ ಬಿಪಿ, ಹೊಗೆಸೊಪ್ಪು, ಸಕ್ಕರೆ ಕಾಯಿಲೆ, ಕೊಲೆಸ್ಟ್ರಾಲ್, ಕುಡಿತ, ಮೈ ಆಡಿಸದಿರುವುದು, ಹೃದಯದ ಕೆಲವು ತೊಂದರೆಗಳು. ಅವುಗಳಲ್ಲಿ ಬಿಪಿಯೇ ಮೊದಲನೆಯದು. ಅಂದರೆ ಕೆಲಸಕ್ಕೆ ಹೋದೆವೋ ಇಲ್ಲವೋ ಅನ್ನುವುದಕ್ಕಿಂತ ಮಾತ್ರೆ ತಪ್ಪಿಸಿದೆವೋ ಇಲ್ಲವೋ ಅನ್ನುವುದು ಮುಖ್ಯ. ಕೆಲಸದ ಗಡಿಬಿಡಿಯಲ್ಲಿ ಮಧ್ಯಾಹ್ನದ ಮಾತ್ರೆ ಮರೆಯುವುದು ಸುಲಭ. ಫೋನಿನಲ್ಲಿ ಅಲಾರಂ ಇಡಿ.

ಎರಡನೆಯದು ಕೆಲಸದ ಗಂಟೆಗಳು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಒಂದು ಅಂದಾಜು ಕೊಟ್ಟವು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಜಾಸ್ತಿ ದುಡಿಯುವವರಿಗೆ ಸ್ಟ್ರೋಕಿನ ಅಪಾಯ ಸುಮಾರು ಶೇಕಡಾ 35ರಷ್ಟು ಹೆಚ್ಚು. ಹಳೆಯ ಹಾಗೆ ಹಗಲು ರಾತ್ರಿ ದುಡಿದು ನಿಮ್ಮನ್ನು ನೀವು ಸಾಬೀತು ಮಾಡಲು ಹೋಗಬೇಡಿ ಅಂತ ಹೇಳಲು ನನಗೆ ಇದಕ್ಕಿಂತ ಒಳ್ಳೆಯ ಕಾರಣ ಇಲ್ಲ.

ಸ್ಟ್ರೋಕಿನ ಗುರುತುಗಳನ್ನು ಪಕ್ಕದಲ್ಲಿ ಕೂರುವವರಿಗೂ ಹೇಳಿಕೊಡಿ. ಮುಖ ಒಂದು ಕಡೆ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು, ಇದ್ದಕ್ಕಿದ್ದಂತೆ ಕಣ್ಣು ಕಾಣದಾಗುವುದು ಅಥವಾ ಸಮತೋಲನ ತಪ್ಪುವುದು. ಕಂಡರೆ ಒಂದು ನಿಮಿಷವೂ ಕಾಯದೆ ಆಂಬುಲೆನ್ಸ್ ಕರೆಸಬೇಕು. ಒಬ್ಬರಿಗೆ ಗೊತ್ತಿದೆ ಅನ್ನುವುದೇ ನನಗೆ ದೊಡ್ಡ ನೆಮ್ಮದಿಯಾಗಿತ್ತು.

ಜೊತೆ ಕೆಲಸ ಮಾಡುವವರಿಗೆ ಎಷ್ಟು ಹೇಳಲಿ?

ನಿಮಗೆ ಎಷ್ಟು ಇಷ್ಟವೋ ಅಷ್ಟು. ಆದರೆ ಏನೂ ಹೇಳದಿದ್ದರೆ ಜನ ತಾವೇ ಕಥೆ ಕಟ್ಟುತ್ತಾರೆ. ಮೊದಲೇ ಎರಡು ಸಾಲು ಸಿದ್ಧ ಮಾಡಿಟ್ಟುಕೊಳ್ಳಿ. ನನ್ನದು ಹೀಗಿತ್ತು: "ನನಗೆ ಸ್ಟ್ರೋಕ್ ಆಗಿತ್ತು, ಈಗ ಪರವಾಗಿಲ್ಲ. ಗದ್ದಲದಲ್ಲಿ ಸ್ವಲ್ಪ ಕಷ್ಟ, ಒಬ್ಬೊಬ್ಬರಾಗಿ ಮಾತಾಡಿದರೆ ಚೆನ್ನಾಗಿ ಅರ್ಥ ಆಗುತ್ತೆ." ಕಾಯಿಲೆಯ ಹೆಸರಿಗಿಂತ ಈ ಎರಡನೇ ಸಾಲು ಅವರಿಗೆ ಉಪಯೋಗ. ತೀರಾ ಕನಿಕರ ತೋರಿಸುವವರಿಗೆ "ಬೇಕಾದಾಗ ನಾನೇ ಕೇಳ್ತೀನಿ" ಅಂದರೆ ಸಾಕು.

ಮ್ಯಾನೇಜರ್ ಹತ್ತಿರ ಏನನ್ನು ಕೇಳಬಹುದು? ಕೇಳಿದರೆ ಅಸಹಾಯಕ ಅನ್ನಿಸಿಕೊಳ್ಳಲ್ವಾ?

2006ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 27ನೇ ವಿಧಿ ದುಡಿಮೆಯ ಬಗ್ಗೆ ಇದೆ. ಕೆಲಸದ ಜಾಗದಲ್ಲಿ ತಕ್ಕ ಹೊಂದಾಣಿಕೆ ಸಿಗುವಂತೆ ನೋಡಿಕೊಳ್ಳಬೇಕು ಅಂತ ಅದು ಹೇಳುತ್ತದೆ. ಬಹುತೇಕ ಎಲ್ಲ ದೇಶಗಳೂ ಅದಕ್ಕೆ ಸೇರಿವೆ. ನಿಮ್ಮಲ್ಲಿ ಕಾನೂನು ಯಾವ ರೂಪದಲ್ಲಿದೆ ಅಂತ ವಿಚಾರಿಸಿ. ಬೇಡಿ ಪಡೆಯುವ ದಯೆ ಅಲ್ಲ ಇದು.

ಕೇಳುವಾಗ "ನನಗೆ ಕಷ್ಟ ಆಗುತ್ತೆ" ಅಂತ ಶುರು ಮಾಡಬೇಡಿ. "ಹೀಗೆ ಮಾಡಿದರೆ ಈ ಕೆಲಸ ನಾನು ಚೆನ್ನಾಗಿ ಮಾಡಬಲ್ಲೆ" ಅಂತ ಹೇಳಿ. ಮೊದಲ ಕೆಲವು ವಾರ ಅರ್ಧ ದಿನ, ಆಮೇಲೆ ಮೆಲ್ಲಗೆ ಹೆಚ್ಚಿಸುವುದು. ರಾತ್ರಿ ಪಾಳಿ ಬೇಡ. ಬಾಗಿಲ ಹತ್ತಿರದ ಗದ್ದಲ ಬಿಟ್ಟು ಮೂಲೆಯ ಮೇಜು. ಬಾಯಲ್ಲಿ ಹೇಳಿದ್ದನ್ನು ಬರೆದೂ ಕೊಡುವುದು. ಒಂದೇ ಕೈಗೆ ಒಗ್ಗುವ ಕೀಬೋರ್ಡ್, ಅಥವಾ ಮಾತಾಡಿದರೆ ಅಕ್ಷರವಾಗುವ ಸೌಲಭ್ಯ. ಇವುಗಳಲ್ಲಿ ಹೆಚ್ಚಿನವಕ್ಕೆ ಖರ್ಚೇ ಇಲ್ಲ. ತಿಂಗಳಿಗೊಮ್ಮೆ ಕೂತು ಮಾತಾಡುವ ದಿನ ಗೊತ್ತು ಮಾಡಿಕೊಳ್ಳಿ. ಒಪ್ಪಿದ್ದನ್ನು ಬರೆದಿಟ್ಟುಕೊಳ್ಳಿ, ಮ್ಯಾನೇಜರ್ ಬದಲಾದರೆ ಬೇಕಾಗುತ್ತದೆ.

ಮಾತು ತಡವರಿಸುತ್ತದೆ. ಹೇಳಬೇಕಾದ ಪದ ನಾಲಿಗೆ ತುದಿಯಲ್ಲೇ ನಿಲ್ಲುತ್ತದೆ. ಮೀಟಿಂಗಿನಲ್ಲಿ ಏನು ಮಾಡಲಿ?

ಪದ ಸಿಗದಿರುವುದು ಬುದ್ಧಿ ಕಡಿಮೆಯಾದದ್ದಲ್ಲ. ಇದನ್ನು ಮೊದಲು ನೀವು ನಂಬಬೇಕು, ಆಮೇಲೆ ಬೇರೆಯವರು ನಂಬುತ್ತಾರೆ. ಸ್ವೀಡನ್ನಿನ ಕವಿ ತೋಮಸ್ ಟ್ರಾನ್ಸ್‌ಟ್ರೋಮರ್ ಅವರಿಗೆ 1990ರಲ್ಲಿ ಸ್ಟ್ರೋಕ್ ಆಗಿ ಮಾತು ಬಹುಪಾಲು ಹೋಯಿತು, ಬಲಗೈಯೂ ಸೋತಿತು. ಅವರು ಬರೆಯುವುದು ಬಿಡಲಿಲ್ಲ. ಎಡಗೈಯಲ್ಲಿ ಪಿಯಾನೋ ನುಡಿಸಿದರು. 2011ರಲ್ಲಿ ಅವರಿಗೆ ಸಾಹಿತ್ಯದ ನೊಬೆಲ್ ಬಂತು. ನಮಗೆಲ್ಲ ನೊಬೆಲ್ ಬರಬೇಕಾಗಿಲ್ಲ. ಮಾತು ಹೋದರೂ ಒಳಗಿನ ಮನುಷ್ಯ ಅಲ್ಲೇ ಇರುತ್ತಾನೆ ಅನ್ನುವುದಕ್ಕೆ ಅವರನ್ನು ನೆನೆದೆ.

ಹೇಳಬೇಕಾದದ್ದನ್ನು ಮುಂಚೆಯೇ ಬರೆದುಕೊಂಡು ಹೋಗಿ. ಪದ ಸಿಗದಿದ್ದರೆ ಸುತ್ತಿ ಬಳಸಿ ಹೇಳಿ, ಚಿತ್ರ ಬರೆದು ತೋರಿಸಿ. "ಒಂದು ನಿಮಿಷ ಕೊಡಿ" ಅಂತ ಕೇಳುವುದನ್ನು ಕನ್ನಡಿ ಮುಂದೆ ಅಭ್ಯಾಸ ಮಾಡಿ. ಫೋನಿಗಿಂತ ಎದುರಿಗೆ ಕೂತು ಮಾತಾಡುವುದು ಸುಲಭ, ಮುಖ ಕಾಣುತ್ತದೆ. ಸ್ಪೀಚ್ ಥೆರಪಿಸ್ಟ್ ಹತ್ತಿರ ನಿಮ್ಮ ಕೆಲಸದ ಪದಗಳನ್ನೇ ತೆಗೆದುಕೊಂಡು ಹೋಗಿ. ಬೆಕ್ಕು, ನಾಯಿ, ಕುರ್ಚಿ ಹೇಳಿ ಸಾಕಾಗಿರುತ್ತದೆ, ಅಲ್ವಾ?

ಎಲ್ಲರ ಮುಂದೆ ಅಳು ಬಂದುಬಿಟ್ಟರೆ?

ಬರಬಹುದು. ಸ್ಟ್ರೋಕ್ ಆದ ಕೆಲವರಿಗೆ ಕಾರಣವೇ ಇಲ್ಲದೆ ಅಳು ಅಥವಾ ನಗು ಉಕ್ಕುತ್ತದೆ. ಅದು ಮಿದುಳಿಗೆ ಬಿದ್ದ ಪೆಟ್ಟಿನಿಂದ, ನೀವು ಮೆತ್ತಗಾಗಿದ್ದರಿಂದಲ್ಲ. ಎದ್ದು ಹೊರಗೆ ಹೋಗಿ ನೀರು ಕುಡಿದು ಬನ್ನಿ. ಪದೇ ಪದೇ ಆಗುತ್ತಿದ್ದರೆ ಔಷಧ ಇದೆ, ಕೇಳಿ.

ನನಗೆ ಧೈರ್ಯ ಇದೆ. ಮನೆಯವರು ಮತ್ತು ಡಾಕ್ಟರೇ ಬಿಡುತ್ತಿಲ್ಲ.

ಹಾಗಾದರೆ ಒಂದು ಸಲ ನಿಂತು ಕೇಳಿಸಿಕೊಳ್ಳಿ. ಸ್ಟ್ರೋಕ್ ಕೆಲವರಲ್ಲಿ ತಮ್ಮ ಕೊರತೆಯನ್ನು ಕಾಣುವ ಶಕ್ತಿಯನ್ನೇ ಮಂಕು ಮಾಡುತ್ತದೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ, ಅವರಿಗೆ ನಿಜವಾಗಿಯೂ ಕಾಣುವುದಿಲ್ಲ. ಗಾಡಿ ಓಡಿಸುವುದು, ಎತ್ತರ ಹತ್ತುವುದು, ತಿರುಗುವ ಯಂತ್ರದ ಮುಂದೆ ನಿಲ್ಲುವುದು, ಬೆಂಕಿ ಇವುಗಳಿದ್ದರೆ ಧೈರ್ಯ ಒಂದೇ ಸಾಲದು. ದೃಷ್ಟಿಯ ಒಂದು ಭಾಗ ಹೋಗಿರಬಹುದು, ಫಿಟ್ಸ್ ಬರುವ ಸಾಧ್ಯತೆ ಇರಬಹುದು. ಪರೀಕ್ಷೆ ಆಗಿ, ಡಾಕ್ಟರು ಸರಿ ಅನ್ನುವವರೆಗೆ ಕಾಯಿರಿ. ಈ ಒಂದು ವಿಷಯದಲ್ಲಿ ಮಾತ್ರ ನಾನು "ಹೋಗಿ ನೋಡಿ" ಅನ್ನುವುದಿಲ್ಲ.

ಮನೆಯವರು ಹೇಗೆ ಸಹಾಯ ಮಾಡಬಹುದು?

ಗುಂಡಿ ಹಾಕಿಕೊಳ್ಳಲು ಐದು ನಿಮಿಷ ಬೇಕಾದರೆ ಐದು ನಿಮಿಷ ಕಾಯಿರಿ. ನೀವೇ ಹಾಕಿಬಿಟ್ಟರೆ ಹೊತ್ತು ಉಳಿಯುತ್ತದೆ, ಆದರೆ ಅವರ ಒಂದು ಗೆಲುವು ಹೋಗುತ್ತದೆ. ಮಾತನ್ನು ಅವರ ಬಾಯಿಂದ ಕಿತ್ತು ನೀವು ಮುಗಿಸಬೇಡಿ. ಕೆಲಸದಿಂದ ಬಂದ ಕೂಡಲೇ "ಹೇಗಾಯ್ತು" ಅಂತ ಕೇಳಬೇಡಿ, ಮೊದಲು ಮಲಗಲು ಬಿಡಿ.

ಹಳೇ ಕೆಲಸ ಆಗುವುದೇ ಇಲ್ಲ ಅಂತಾದರೆ?

ಎಲ್ಲರೂ ಹಳೇ ಕೆಲಸಕ್ಕೆ ಮರಳುವುದಿಲ್ಲ. ಇದನ್ನು ಮುಚ್ಚಿಟ್ಟು ಧೈರ್ಯ ತುಂಬಲು ನನಗೆ ಇಷ್ಟ ಇಲ್ಲ. ಆ ನಷ್ಟಕ್ಕೆ ಅಳಬೇಕು, ಅಳಲು ಹೊತ್ತು ಕೊಡಬೇಕು.

ಆಮೇಲೆ ಕೆಲಸ ಒಂದೇ ಇಟ್ಟುಕೊಂಡು ಮಾಡುವ ರೀತಿ ಬದಲಿಸಬಹುದಾ ನೋಡಿ. ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರ್ ಅವರಿಗೆ 1868ರಲ್ಲಿ, 45ನೇ ವಯಸ್ಸಿನಲ್ಲಿ ಸ್ಟ್ರೋಕ್ ಆಗಿ ಎಡಭಾಗ ಸೋತಿತು. ಅದು ಪೂರ್ತಿ ಸರಿಹೋಗಲೇ ಇಲ್ಲ. ಕೈಯಿಂದ ಮಾಡಬೇಕಾದ ಎಷ್ಟೋ ಪ್ರಯೋಗಗಳನ್ನು ಸಹಾಯಕರು ಮಾಡಿದರು, ಯೋಚನೆ ಅವರದು. ಹುಚ್ಚುನಾಯಿ ಕಡಿತದ ಲಸಿಕೆಯನ್ನು ಮನುಷ್ಯರಿಗೆ ಕೊಟ್ಟದ್ದು 1885ರಲ್ಲಿ, ಅಂದರೆ ಸ್ಟ್ರೋಕ್ ಆಗಿ 17 ವರ್ಷದ ಮೇಲೆ. ಮೇಸ್ತ್ರಿಯೊಬ್ಬರಿಗೆ ಗಾರೆ ಎತ್ತಲು ಆಗದಿರಬಹುದು, ಗೋಡೆ ಓರೆ ಇದೆಯಾ ಅಂತ ಹೇಳಲು ಕಣ್ಣು ಇದೆ. ಮೇಷ್ಟ್ರಿಗೆ ಇಡೀ ತರಗತಿ ಕಷ್ಟ ಆಗಬಹುದು, ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಹೇಳಿಕೊಡಬಹುದು.

ಹೋದೆ. ಎರಡೇ ವಾರಕ್ಕೆ ಬಿಟ್ಟು ಬಂದೆ. ಈಗ ಧೈರ್ಯ ಪೂರ್ತಿ ಹೋಗಿದೆ.

ಏನು ತಪ್ಪಿತು ಅಂತ ಬರೆಯಿರಿ. ಗಂಟೆ ಜಾಸ್ತಿ ಆಯಿತಾ, ಪ್ರಯಾಣವೇ ತಿಂದುಹಾಕಿತಾ, ಒಬ್ಬರ ಚುಚ್ಚುಮಾತಾ? "ಆಗಲಿಲ್ಲ" ಅನ್ನುವುದರ ಒಳಗೆ ಯಾವಾಗಲೂ ಒಂದೆರಡು ಬಿಡಿ ಕಾರಣ ಇರುತ್ತವೆ. ಆ ಎರಡು ವಾರದಲ್ಲಿ ಆದದ್ದನ್ನೂ ಬರೆಯಿರಿ, ಅದು ಲೆಕ್ಕದಿಂದ ಬಿಟ್ಟುಹೋಗುತ್ತದೆ. ನಾನೂ ಒಂದು ಸಲ ವಾಪಸ್ ಬಂದಿದ್ದೆ. ಎರಡನೇ ಸಲ ಹೋಗುವಾಗ ದಿನಕ್ಕೆ ಮೂರೇ ಗಂಟೆ ಅಂತ ಮಾತಾಡಿಕೊಂಡು ಹೋದೆ. ಅದು ನಿಂತಿತು.

ಮೊದಲ ದಿನ ಏನು ಮಾಡಲಿ?

ವಾರದ ನಡುವೆ ಹೋಗಿ. ಎರಡೇ ದಿನಕ್ಕೆ ರಜೆ ಬರುತ್ತದೆ. ಅದಕ್ಕೂ ಮುಂಚೆ ಒಂದು ದಿನ ಸುಮ್ನೆ ಹೋಗಿ ಎಲ್ಲರನ್ನೂ ಮಾತಾಡಿಸಿ ಬನ್ನಿ, ಆಗ "ಹೇಗಿದ್ದೀರಿ" ಪ್ರಶ್ನೆಗಳೆಲ್ಲ ಮುಗಿದಿರುತ್ತವೆ. ಚೀಲದಲ್ಲಿ ಮಾತ್ರೆ, ನೀರು, ಒಂದು ಚಿಕ್ಕ ನೋಟ್‌ಬುಕ್, ಡಾಕ್ಟರ ನಂಬರ್ ಬರೆದ ಚೀಟಿ ಇರಲಿ. ಮುಗಿಸಬಹುದಾದ ಒಂದೇ ಒಂದು ಕೆಲಸ ತೆಗೆದುಕೊಳ್ಳಿ. ಮುಗಿಸಿ. ಹೇಳಿದ ಹೊತ್ತಿಗೆ ಎದ್ದು ಮನೆಗೆ ಬನ್ನಿ, ಇನ್ನೂ ಶಕ್ತಿ ಇದೆ ಅನ್ನಿಸಿದರೂ.